ಉಳಿದದ್ದು: ಸೊನ್ನೆ

ಆ ಡಿಸ್ಕು ಕೈಗೆ ಬಂದ ದಿನವೇ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ನಮ್ಮ ಬೀದಿಯಲ್ಲಿ ಕಣ್ಣಿರುವವರು ಯಾರೇ ಇರಲಿ, ಅವರನ್ನೆಲ್ಲ ಹಿಡಿದು ತಂದು, ಕುರ್ಚಿ ಸಾಲದಿದ್ದರೆ ನೆಲದ ಮೇಲೆ ಕೂರಿಸಿ, ಸಿನಿಮಾದಲ್ಲಿರುವ ನನ್ನ ಕೈಯನ್ನು ತೋರಿಸದೆ ಬಿಡುವವಳಲ್ಲ! ಅರವತ್ತೊಂಬತ್ತು ವರ್ಷದವಳ ಪ್ರತಿಜ್ಞೆ ಅದು. ಸಿನಿಮಾಕ್ಕೆ ಕೈ ಕೊಟ್ಟವಳು ನಾನು. ಕೊನೆಗೆ ಸಿನಿಮಾವೇ ನನಗೆ ಕೈ ಕೊಟ್ಟಿತು. ಆ ಕತೆಯನ್ನು ಒಂದು ಹೊಲಿಗೆಯೂ ತಪ್ಪದಂತೆ ಹೇಳುತ್ತೇನೆ.

ಮೂವತ್ತೊಂದು ವರ್ಷದ ಹಿಂದೆ ನಾನು ಕೋಟು ಹೊಲಿಯುವ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಕಾಜ ತೆಗೆಯುವುದು, ಗುಂಡಿ ಹಚ್ಚುವುದು ನನ್ನ ಪಾಲಿನ ಕೆಲಸ. ಅದಕ್ಕೇ ಅಂಗಡಿಯಲ್ಲಿ ಎಲ್ಲರೂ ನನ್ನನ್ನು 'ಗುಂಡಿ' ಎಂದೇ ಕರೆಯುತ್ತಿದ್ದರು. ಪಕ್ಕದಲ್ಲಿ ನನಗಿಂತ ಎರಡು ವರ್ಷ ದೊಡ್ಡವಳಾದ ಎಡಚಕ್ಕ. ಸೂಜಿ, ಕತ್ತರಿ, ಚಮಚ ಎಲ್ಲವೂ ಅವಳಿಗೆ ಎಡಗೈಯಲ್ಲೇ. ಅವಳು ನನ್ನ ಬಲಬದಿಗೆ ಕೂರುತ್ತಿದ್ದಳು. ಹಾಗಾಗಿ ಹದಿನೇಳು ವರ್ಷ ನನ್ನ ಬಲ ಮೊಣಕೈಯೂ ಅವಳ ಎಡ ಮೊಣಕೈಯೂ ಜಗಳವಾಡಿದ್ದೇ ಆಡಿದ್ದು. ನಾವಿಬ್ಬರು ಮಾತ್ರ ಒಂದು ದಿನವೂ ಆಡಲಿಲ್ಲ.

ಒಂದು ಬೆಳಿಗ್ಗೆ ಯಾವುದೋ ದೂರದ ದೇಶದವರು ದೀಪ, ತಂತಿ, ಕ್ಯಾಮೆರಾ ಹೊತ್ತು ನಮ್ಮ ಅಂಗಡಿಗೆ ಬಂದಿಳಿದರು. ಅವರ ಸಿನಿಮಾದ ನಾಯಕಿ ಕೋಟಿಗೆ ಗುಂಡಿ ಹಚ್ಚುವವಳಂತೆ. ಆದರೆ ನಾಯಕಿಯ ಪಾತ್ರ ಮಾಡುವವಳಿಗೆ ಸೂಜಿಯ ಯಾವ ತುದಿಗೆ ದಾರ ಹಾಕಬೇಕೆಂಬುದೂ ಗೊತ್ತಿರಲಿಲ್ಲ. ಮುಖ ಅವಳದಿರಲಿ, ಕೈ ಬೇರೆಯವರದಿರಲಿ ಎಂದು ತೀರ್ಮಾನವಾಯಿತು. ಕಟಿಂಗ್ ಮಾಸ್ಟರ್ ನನ್ನನ್ನು ಮುಂದೆ ತಳ್ಳಿದರು. ಮಧ್ಯಾಹ್ನವೆಲ್ಲ ದೀಪದ ಬಿಸಿಯಲ್ಲಿ ಕೂತು ಒಂದೇ ಕೋಟಿಗೆ ಒಂದೇ ಗುಂಡಿಯನ್ನು ಒಂಬತ್ತು ಸಲ ಹಚ್ಚಿ, ಒಂಬತ್ತು ಸಲ ಬಿಚ್ಚಿದೆ. ಮಗ ಶಾಲೆಯಿಂದ ಬರುವ ಹೊತ್ತಾಯಿತೆಂದು ನಾಲ್ಕಕ್ಕೆ ಮನೆಗೆ ಹೊರಟೆ. ಅವರಿನ್ನೂ ಅಲ್ಲೇ ಇದ್ದರು. ಇದನ್ನು ನೆನಪಿಟ್ಟುಕೊಳ್ಳಿ, ನಾನು ನೆನಪಿಟ್ಟುಕೊಳ್ಳಲಿಲ್ಲ.

ಆ ಸಿನಿಮಾ ನಮ್ಮ ಕಡೆಗೆ ಬರಲೇ ಇಲ್ಲ. ಬಾರದ್ದರಿಂದ ನನ್ನ ಕೈಗೆ ಬಂದ ಕೀರ್ತಿ ಅಷ್ಟಿಷ್ಟಲ್ಲ! ನಮ್ಮ ಯಜಮಾನರು ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದರು. ಹತ್ತಿದವರಿಗೆಲ್ಲ ಈ ಕತೆ ಹೇಳುವರು. ನೆಲಮಹಡಿಯಲ್ಲಿ ಒಂದು ನಿಮಿಷವಿದ್ದ ನನ್ನ ಕೈ ಏಳನೆಯ ಮಹಡಿ ಮುಟ್ಟುವಷ್ಟರಲ್ಲಿ ಐದು ನಿಮಿಷವಾಗಿರುತ್ತಿತ್ತು. ಮನೆಯಲ್ಲಿ ಅವರಿಗೆ ನೀರು ಕೊಟ್ಟರೂ, "ಸಿನಿಮಾ ಕೈಯಿಂದ ನೀರು ಕುಡಿಯೋ ಭಾಗ್ಯ ಯಾರಿಗುಂಟು?" ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಕೊನೆಯ ವಾರ ಅವರು ಹಿಡಿದುಕೊಂಡಿದ್ದೂ ಇದೇ ಬಲಗೈಯನ್ನು. ನರ್ಸಿಗೂ ಹೇಳಿದರು. ನಾನು ತಲೆ ತಗ್ಗಿಸಿ ಕೂತಿದ್ದೆ, ನಾಚಿಕೆಯಿಂದಲ್ಲ, ಹೆಮ್ಮೆಯಿಂದ.

ಎಡಚಕ್ಕನೂ ಎಷ್ಟೋ ಸಲ ಈ ಕತೆ ಕೇಳಿದ್ದಾಳೆ. ಒಮ್ಮೆಯೂ ಎದುರಾಡಿದವಳಲ್ಲ. ಎಲ್ಲಾದರೂ ಮರೆತರೆ, "ದೀಪದ ವಿಷ್ಯ ಬಿಟ್ಟೆ ನೋಡು," ಎಂದು ನೆನಪಿಸಿದ್ದೂ ಉಂಟು.

ಹೀಗಿರುವಾಗ ಕಟಿಂಗ್ ಮಾಸ್ಟರ್ ಮಗಳು ಪರದೇಶಕ್ಕೆ ಹೋದವಳು ಅಲ್ಲಿನ ಹಳೆಯ ಸಾಮಾನಿನ ಅಂಗಡಿಯಲ್ಲಿ ಆ ಸಿನಿಮಾದ ಡಿವಿಡಿ ಕಂಡು, ನನಗೆಂದೇ ಕೊಂಡು ತಂದು ಕೊಟ್ಟಳು. ಪ್ರತಿಜ್ಞೆ ಮಾಡಿದ್ದು ಆಗಲೇ. ಡಿಸ್ಕು ಹಾಕುವ ಬಾಯಿರುವುದು ನಮ್ಮ ಮನೆಯಲ್ಲಿ ಸೊಸೆಯ ಕಂಪ್ಯೂಟರಿಗೆ ಮಾತ್ರ. ಮಂಡಿ ನೋವು, ಬೆನ್ನು ನೋವಿನವರಿಗೆ ವ್ಯಾಯಾಮ ಹೇಳಿಕೊಡುವುದು ಅವಳ ಕೆಲಸ. ಅದರ ಪಾಠಗಳೆಲ್ಲ ಡಿಸ್ಕುಗಳಲ್ಲಿವೆ. ನನಗಾಗಿ ಅದರ ಅಕ್ಷರಗಳನ್ನೆಲ್ಲ ಕನ್ನಡಕ್ಕೆ ತಿರುಗಿಸಿಟ್ಟಿದ್ದಳು. ನಾನು ಕೂಡಿಸಿ ಕೂಡಿಸಿ ಓದುತ್ತೇನೆ. ಅಂಕಿ ಮಾತ್ರ ಸರಾಗ. ಅಳತೆ ಟೇಪು ಕಲಿಸಿದ ವಿದ್ಯೆ ಅದು.

ಅವಳು ಹೇಳಿದ್ದು ಒಂದೇ ಮಾತು: "ಅತ್ತೆ, ನೀವು ಏನಾದ್ರೂ ನೋಡಿ. ಆದ್ರೆ ನನ್ನ ಡಿಸ್ಕು ಓಡೋದು ನಿಲ್ಲಬಾರದು."

ನಿಲ್ಲಿಸುವುದುಂಟೇ? ತೆಗೆದ ಕತ್ತರಿಯನ್ನು ಅದೇ ಮೊಳೆಗೆ, ತೆಗೆದ ದಾರದುಂಡೆಯನ್ನು ಅದೇ ಗೂಡಿಗೆ ಇಟ್ಟು ಬಾಳಿದವಳು ನಾನು. ಅಂಗಡಿಯಲ್ಲಿ ದೀಪ ಹೋದರೂ ನನ್ನ ಸೂಜಿ ನನಗೆ ಸಿಗುತ್ತಿತ್ತು.

ಮಂಗಳವಾರ ಅವಳು ಕೆಲಸಕ್ಕೆ ಹೋದಮೇಲೆ ಡಿಸ್ಕನ್ನು ಸೆರಗಿನಿಂದ ಒರೆಸಿ, ಬಾಯಿಗೆ ಹಾಕಿದೆ. ನುಂಗಿತು. ಗೊರಗೊರ ಎಂದಿತು. ಆಮೇಲೆ ಪರದೆಯ ಮೇಲೆ ಸಿನಿಮಾದ ಬದಲು ಒಂದು ಚೌಕ ಬಂತು. ಅದರಲ್ಲಿದ್ದ ಸಾಲನ್ನು ಪ್ಯಾಟರ್ನ್ ಕಾಗದದ ಮೇಲೆ ಸೀಮೆಸುಣ್ಣದಿಂದ ಯಥಾಪ್ರತಿ ಬರೆದುಕೊಂಡು, ಬಟ್ಟೆ ಒಗೆಯುವ ಅಂಗಡಿಯ ಪಕ್ಕದಲ್ಲಿರುವ ಕಂಪ್ಯೂಟರ್ ರಿಪೇರಿಯವರ ಹತ್ತಿರ ಹೋದೆ. ಅವರು ತುಟಿಗಳ ನಡುವೆ ಸಣ್ಣ ಸ್ಕ್ರೂ ಕಚ್ಚಿಕೊಂಡು ಕೂತಿದ್ದರು. ನಾನೂ ಗುಂಡುಸೂಜಿ ಹೀಗೇ ಕಚ್ಚಿಕೊಂಡು ಬದುಕಿದವಳಾದ್ದರಿಂದ ಮನುಷ್ಯ ನಂಬಿಕಸ್ಥ ಎನ್ನಿಸಿತು.

ಅವರು ತಿಳಿಸಿ ಹೇಳಿದರು. ಸಿನಿಮಾ ಮಾರುವವರು ಲೋಕವನ್ನೆಲ್ಲ ಹೋಳು ಹೋಳು ಮಾಡಿ ಒಂದೊಂದು ಹೋಳಿಗೆ ಒಂದೊಂದು ನಂಬರು ಕೊಟ್ಟಿದ್ದಾರಂತೆ. ಅದಕ್ಕೆ ವಲಯ ಎನ್ನುತ್ತಾರಂತೆ. ಒಂದು ಕಡೆ ಮೊದಲು ಬಿಟ್ಟ ಸಿನಿಮಾವನ್ನು ಇನ್ನೊಂದು ಕಡೆಯವರು ಅವಸರಪಟ್ಟು ನೋಡಿಬಿಡಬಾರದು, ಅದಕ್ಕೆ ಈ ಬೀಗ. ಡಿಸ್ಕಿನ ಡಬ್ಬಿಯ ಹಿಂದೆ ಪುಟ್ಟ ಭೂಗೋಳದೊಳಗೆ ನಂಬರಿತ್ತು: ಎರಡು. ಸೊಸೆಯ ಕಂಪ್ಯೂಟರಿನ ಡಿಸ್ಕು ನುಂಗುವ ಬಾಯಿಗೂ ಒಂದು ನಂಬರಿರುತ್ತದಂತೆ. ನಮ್ಮ ಕಡೆಯದು ಐದು. ಎರಡೂ ಒಂದೇ ಆಗದೆ ಚಿತ್ರ ಕಾಣದು.

ಇದರಲ್ಲಿ ತಿಳಿಯದ್ದೇನಿದೆ? ಹದಿನಾರನೇ ನಂಬರ್ ಗುಂಡಿಗೆ ಇಪ್ಪತ್ತನಾಲ್ಕರ ಕಾಜ ತೆಗೆದರೆ ಕೋಟು ನಿಂತೀತೇ? ನಾನು ಹಾಗೆಂದಾಗ ಅವರು ತುಟಿಯಿಂದ ಸ್ಕ್ರೂ ತೆಗೆದು ನಕ್ಕರು. ಬಾಯಿಯ ನಂಬರನ್ನು ಬದಲಾಯಿಸಬಹುದೆಂದು, ಎಲ್ಲಿ ಒತ್ತಬೇಕೆಂಬುದನ್ನು ಒಂದು ಕಾಗದದಲ್ಲಿ ಚಿತ್ರ ಬರೆದು ಕೊಟ್ಟರು. ನಾನು ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೂಗಿ, "ಅಜ್ಜಿ, ಅಲ್ಲೇ ಕೆಳಗಡೆ 'ಉಳಿದದ್ದು' ಅಂತ ಇರುತ್ತೆ. ಅದನ್ನ ಮಾತ್ರ ನೋಡ್ತಾ ಇರಿ," ಎಂದರು.

ನೋಡುತ್ತೇನೆಂದೆ. ನೋಡಿದೆ ಕೂಡ. ಅಲ್ಲೇ ಎಡವಟ್ಟಾದದ್ದು.

ನಮ್ಮ ಅಂಗಡಿಯಲ್ಲಿ ಕೋಟುಗಳ ಪ್ರತಿಯೊಂದು ಕಟ್ಟಿಗೂ ಒಂದು ಚೀಟಿ ಇರುತ್ತಿತ್ತು. ಮೇಲೆ ಒಟ್ಟು ಎಷ್ಟೆಂಬ ಲೆಕ್ಕ, ಕೆಳಗೆ 'ಉಳಿದದ್ದು'. ಒಂದು ಕೋಟು ಮುಗಿದರೆ ಹಳೆಯ ಅಂಕಿ ಹೊಡೆದು ಹೊಸದು ಬರೆಯಬೇಕು. ಇಪ್ಪತ್ತನಾಲ್ಕು, ಇಪ್ಪತ್ತಮೂರು ಎಂದು ಇಳಿಯುತ್ತ ಇಳಿಯುತ್ತ ಸೊನ್ನೆ ಬಂತೆಂದರೆ ಆ ಕಟ್ಟಿನ ಋಣ ಹರಿಯಿತು. ಎದ್ದು ಬೆನ್ನು ನೆಟ್ಟಗೆ ಮಾಡಿ ನೀರು ಕುಡಿಯಬಹುದು. ಸೊನ್ನೆ ಕಂಡರೆ ನನಗೆ ಇಂದಿಗೂ ಬೆನ್ನು ಹಗುರಾಗುತ್ತದೆ.

ಮನೆಗೆ ಬಂದು, ಚಿತ್ರದಲ್ಲಿದ್ದಂತೆ ಒತ್ತಿದೆ. ಐದನ್ನು ಎರಡು ಮಾಡಿದೆ. ಕೆಳಗೆ 'ಉಳಿದದ್ದು: 4' ಎಂದಿದ್ದದ್ದು 3 ಆಯಿತು. ಭಲೆ, ಕೆಲಸ ಸಾಗುತ್ತಿದೆ!

ಸಿನಿಮಾ ಶುರುವಾಯಿತು. ಭಾಷೆ ತಿಳಿಯದು. ಮಳೆ, ರೈಲು, ಒಬ್ಬ ಉದ್ದ ಕೋಟಿನವನು, ಅಳುವ ನಾಯಕಿ. ನಲವತ್ತಮೂರನೆಯ ನಿಮಿಷಕ್ಕೆ ನಮ್ಮ ಅಂಗಡಿ ಬಂತು! ನಮ್ಮ ಬೆಂಚು, ಒಡೆದ ಗಾಜಿನ ಕಿಟಕಿ, ಮಾಸ್ಟರ ಮರದ ಸ್ಕೇಲು. ನಾನು ಕುರ್ಚಿಯ ತುದಿಗೆ ಬಂದೆ. ಕೈ ಬಂತು. ಪರದೆಯ ತುಂಬ ಕೈ.

ಸೂಜಿ ಇದ್ದದ್ದು ಎಡಗೈಯಲ್ಲಿ.

ನಾನು ನನ್ನ ಬಲಗೈಯನ್ನು ನೋಡಿದೆ. ಪರದೆಯನ್ನು ನೋಡಿದೆ. ಅಷ್ಟರಲ್ಲಿ ಕೈ ಹೋಗಿ ರೈಲು ಬಂದಿತ್ತು. ಮೂವತ್ತೊಂದು ವರ್ಷ ಮೆರೆದ ಸಿನಿಮಾ ಕೈ ಮಡಿಲಲ್ಲಿ ಪೆಚ್ಚಾಗಿ ಬಿದ್ದಿತ್ತು.

ಡಿಸ್ಕು ತೆಗೆದೆ. ಎರಡನ್ನು ತಿರುಗಿ ಐದು ಮಾಡಿದೆ. ತೆಗೆದದ್ದನ್ನು ತೆಗೆದಲ್ಲಿ ಇಡಬೇಕಲ್ಲ! ಸೊಸೆಯ ಪಾಠ ನಿಲ್ಲಬಾರದಲ್ಲ! 'ಉಳಿದದ್ದು: 2'.

ಮನಸ್ಸು ಒಪ್ಪಲಿಲ್ಲ. ಎರಡು ದಿನ ಕೂತು ಒಂದು ಮಹಾ ಸಂಶೋಧನೆ ಮಾಡಿದೆ. ಕೆಲವು ದೇಶಗಳಲ್ಲಿ ಗಾಡಿಗಳು ರಸ್ತೆಯ ಇನ್ನೊಂದು ಬದಿಯಲ್ಲಿ ಓಡುತ್ತವಂತೆ. ಹಾಗೆಯೇ ಎರಡನೆಯ ವಲಯದವರ ಡಿಸ್ಕಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತಿರಬಾರದೇಕೆ, ಕನ್ನಡಿಯಲ್ಲಿ ಕಂಡ ಹಾಗೆ? ಹಾಗಿದ್ದರೆ ಕೈ ನನ್ನದೇ! ಇದನ್ನು ಪರೀಕ್ಷಿಸುವ ಉಪಾಯವೂ ನನ್ನಲ್ಲೇ ಇತ್ತು. ಗಂಡಸರ ಕೋಟಿಗೆ ಕಾಜ ಎಡಬದಿಗೆ, ಗುಂಡಿ ಬಲಬದಿಗೆ. ಹೆಂಗಸರದು ಇದಕ್ಕೆ ತಿರುಗುಮುರುಗು. ಚಿತ್ರ ಕನ್ನಡಿಯಂತೆ ತಿರುಗಿದ್ದರೆ ಅದರಲ್ಲಿನ ಗಂಡಸರೆಲ್ಲ ಹೆಂಗಸರ ಹಾಗೆ ಗುಂಡಿ ಹಾಕಿಕೊಂಡು ಓಡಾಡುತ್ತಿರಬೇಕು.

ಗುರುವಾರ ಮತ್ತೆ ಐದನ್ನು ಎರಡು ಮಾಡಿದೆ. 'ಉಳಿದದ್ದು: 1'. ಕನ್ನಡಕ ಒರೆಸಿಕೊಂಡು ಕೋಟುಗಳನ್ನೇ ನೋಡಿದೆ. ಹದಿನಾಲ್ಕು ಗಂಡಸರು. ಹದಿನಾಲ್ಕು ಜನಕ್ಕೂ ಗುಂಡಿ ಬಲಕ್ಕೇ. ಒಬ್ಬನಾದರೂ ತಪ್ಪು ಹಾಕಿಕೊಂಡಿರಬಾರದಿತ್ತೇ? ಕೈ ಬಂದಾಗ ಮಣಿಕಟ್ಟು ನೋಡಿದೆ. ಇಸ್ತ್ರಿಪೆಟ್ಟಿಗೆ ತಗುಲಿದ ಅರ್ಧಚಂದ್ರದ ಕಲೆ. ಆ ಕಲೆಗೆ ಮುಲಾಮು ಹಚ್ಚಿದವಳೇ ನಾನು. ಕೈ ಎಡಚಕ್ಕನದು. ನನ್ನ ಒಂಬತ್ತು ಗುಂಡಿಗಳಲ್ಲಿ ಒಂದೂ ಸಿನಿಮಾದಲ್ಲಿರಲಿಲ್ಲ. ಗುಂಡಿ ಹಚ್ಚುವವಳು ಗುಂಡಿಗೆ ಬಿದ್ದಿದ್ದೆ.

ಡಿಸ್ಕು ತೆಗೆದು, ತಿರುಗಿ ಐದು ಮಾಡಿದೆ. 'ಉಳಿದದ್ದು: 0'. ಅಷ್ಟು ದುಃಖದಲ್ಲೂ, ಸದ್ಯ, ಕಟ್ಟು ಮುಗಿಯಿತಲ್ಲ ಎಂದು ಎದ್ದು ಬೆನ್ನು ನೆಟ್ಟಗೆ ಮಾಡಿ ಒಂದು ಲೋಟ ನೀರು ಕುಡಿದೆ. ಹೌದು, ಕುಡಿದೆ.

ಮುಂದಿನ ಮೂರು ವಾರ ನಾನು ಬಾಯಿ ಬಿಡಲಿಲ್ಲ. ಎಡಚಕ್ಕ ವಾರಕ್ಕೊಮ್ಮೆ ನಮ್ಮ ಮನೆಗೆ ಬರುತ್ತಾಳೆ. ಅವಳ ಒಂದು ಕಣ್ಣು ಆಗಲೇ ಮಂಕಾಗಿದೆ, ಇನ್ನೊಂದೂ ಅದೇ ದಾರಿ ಹಿಡಿದಿದೆ. ಔಷಧಿಯಿಂದ ನಿಧಾನ ಮಾಡಬಹುದಷ್ಟೇ, ನಿಲ್ಲಿಸಲಾಗದು ಎಂದಿದ್ದಾರಂತೆ ಕಣ್ಣಿನ ಡಾಕ್ಟರು. ಸೂಜಿಗೆ ದಾರ ಪೋಣಿಸುವುದು ಬಿಟ್ಟು ವರ್ಷವಾಯಿತು. ಬಂದಾಗಲೆಲ್ಲ ಡಿಸ್ಕಿನ ವಿಷಯ ಕೇಳುತ್ತಿದ್ದಳು. ನಾನು ಒಂದು ವಾರ ಕಂಪ್ಯೂಟರ್ ಕೆಟ್ಟಿದೆ ಎಂದೆ. ಇನ್ನೊಂದು ವಾರ ಸೊಸೆಗೆ ಪರೀಕ್ಷೆ ಎಂದೆ. ಸೊಸೆಗೆ ಯಾವ ಪರೀಕ್ಷೆಯೂ ಇರಲಿಲ್ಲ. ಪರೀಕ್ಷೆ ಇದ್ದದ್ದು ನನಗೆ. ಮೂರನೆಯ ವಾರ ಅವಳು ಮೆಟ್ಟಿಲಿಳಿಯುವಾಗ ಕೊನೆಯ ಮೆಟ್ಟಿಲು ಕಾಣದೆ ಕಾಲಿನಿಂದ ತಡಕಿದಳು. ಅದನ್ನು ನೋಡಿದೆ. ಭಾನುವಾರ ಬಾ, ಸಿನಿಮಾ ತೋರಿಸುತ್ತೇನೆ ಎಂದುಬಿಟ್ಟೆ. ತಪ್ಪೊಪ್ಪಿಕೊಳ್ಳಲು ನನಗೆ ಬಾಯಿ ಬರುತ್ತಿರಲಿಲ್ಲ. ಅವಳ ಕೈಯೇ ಬಂದು ಹೇಳಲಿ, ನಾನು ಪಕ್ಕದಲ್ಲಿ ತಲೆತಗ್ಗಿಸಿ ಕೂರುತ್ತೇನೆ ಎಂದುಕೊಂಡೆ.

ಭಾನುವಾರ ಎಡಚಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಅವಳ ಕುರ್ಚಿಯನ್ನು ಪರದೆಯಿಂದ ಒಂದು ಮೊಳದಷ್ಟು ಹತ್ತಿರ ಹಾಕಿದೆ. ಸೊಸೆಯೂ ಬಂದು ನಿಂತಳು. ಡಿಸ್ಕು ಹಾಕಿ, ಚಿತ್ರದ ಕಾಗದ ನೋಡದೆಯೇ ಟಕಟಕ ಒತ್ತಿದೆ. ನಂಬರು ಕದಲಲಿಲ್ಲ. ಮತ್ತೆ ಒತ್ತಿದೆ. ಎರಡು ಎಂಬುದು ಬೂದು ಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿತ್ತು. ಸೊಸೆ ಬಗ್ಗಿ ಓದಿದಳು. ಆಮೇಲೆ ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಅತ್ತೆ, ಇದನ್ನ ನಾಲ್ಕು ಸಲ ಬದಲಾಯಿಸಿದ್ದು ಯಾರು?"

"ಎರಡೇ ಸಲ ಕಣಮ್ಮ ನಾನು ಬದಲಾಯಿಸಿದ್ದು. ಮಿಕ್ಕ ಎರಡು ಸಲ ವಾಪಸ್ ಇಟ್ಟಿದ್ದು."

"ವಾಪಸ್ ಇಡೋದೂ ಬದಲಾವಣೇನೇ ಅಲ್ವಾ ಅತ್ತೆ!"

ನನ್ನ ತಲೆಯೊಳಗೆ ಅದು ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಒಳ್ಳೆಯತನಕ್ಕೂ ಲೆಕ್ಕ ಹಿಡಿಯುತ್ತದೆಯೇ ಈ ಯಂತ್ರ? ಸೊಸೆ ರಿಪೇರಿಯವರಿಗೆ ಫೋನು ಮಾಡಿ ನನ್ನ ಕಿವಿಗಿಟ್ಟಳು. ಅವರ ದನಿಯಲ್ಲಿ ಸ್ಕ್ರೂ ಇರಲಿಲ್ಲ, ಗಾಬರಿಯಿತ್ತು.

"ಉಳಿದದ್ದು ನೋಡ್ತಾ ಇರಿ ಅಂದಿದ್ದೆನಲ್ಲ ಅಜ್ಜಿ?"

"ನೋಡಿದೆನಪ್ಪ. ಸೊನ್ನೆ ಬರೋವರೆಗೂ ಬಿಡದೆ ನೋಡಿದೆ."

ಆ ಕಡೆ ಅವರು ಹಣೆ ಚಚ್ಚಿಕೊಂಡ ಸದ್ದು ಕೇಳಿತು. ಆಮೇಲೆ ಹೇಳಿದರು: ಒಂದು ಬಾಯಿಗೆ ಒಟ್ಟು ಐದೇ ಸಲ ನಂಬರು ಹಾಕಲು ಸಾಧ್ಯ. ಮೊದಲನೆಯದನ್ನು ಸೊಸೆ ಕೊಂಡಾಗಲೇ ಹಾಕಿಯಾಗಿತ್ತು. ಕೊನೆಯದರಲ್ಲಿ ಏನಿತ್ತೋ ಅದಕ್ಕೇ ಬೀಗ ಬಿತ್ತು, ಶಾಶ್ವತ. ಕಂಪ್ಯೂಟರನ್ನು ಪೂರ್ತಿ ಒರೆಸಿ ಹೊಸದಾಗಿ ತುಂಬಿದರೂ ಪ್ರಯೋಜನವಿಲ್ಲ. ನೆನಪು ಆ ಬಾಯಿಯೊಳಗೇ ಇರುತ್ತದೆ. ಬೇರೆ ಬಾಯಿಯನ್ನೇ ಕೂರಿಸಬೇಕು. ಇಷ್ಟು ಹಳೆಯ ಮಾದರಿಯದನ್ನು ಎಲ್ಲಿಂದಾದರೂ ಹುಡುಕಿಸಿ ತರಿಸಲು ಎರಡು ಮೂರು ತಿಂಗಳು ಹಿಡಿಯಬಹುದು.

ಎರಡು ಮೂರು ತಿಂಗಳು! ನಾನು ಎಡಚಕ್ಕನ ಕಣ್ಣು ನೋಡಿದೆ. ಅವಳು ಆಗಲೇ ಆರಿ ಕಪ್ಪಾಗಿದ್ದ ಪರದೆಯನ್ನೇ ನೋಡುತ್ತಿದ್ದಳು, ಇನ್ನೂ ಏನೋ ಬರಬಹುದೆಂಬಂತೆ. ನನ್ನ ಹಟಕ್ಕೆ ಒಂದು ಸಲ, ಗುಂಡಿ ಲೆಕ್ಕಕ್ಕೆ ಒಂದು ಸಲ, ಒಪ್ಪ ಓರಣಕ್ಕೆ ಎರಡು ಸಲ. ಅವಳ ಪಾಲಿಗೆ ಒಂದೂ ಉಳಿದಿರಲಿಲ್ಲ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ.

"ಅಕ್ಕ, ಅದರಲ್ಲಿರೋದು ನನ್ನ ಕೈ ಅಲ್ಲ," ಎಂದೆ. "ನಿನ್ನದು."

ಸೊಸೆ ಬಾಯಿ ತೆರೆದು ನಿಂತಳು. ಎಡಚಕ್ಕ ಮಾತ್ರ ಕಪ್ಪು ಪರದೆಯಿಂದ ಮುಖ ತಿರುಗಿಸಲೂ ಇಲ್ಲ.

"ಗೊತ್ತು ಕಣೆ ಗುಂಡಿ," ಎಂದಳು. "ಆ ನಾಯಕಿ ನನ್ನ ಹಾಗೆ ಎಡಗೈಯವಳು. ನೀನು ಮನೆಗೆ ಹೋದ ಮೇಲೆ ಯಾರಿಗೋ ಅದು ಹೊಳೀತು. ನನ್ನನ್ನ ಕರೆದು ಕೂರಿಸಿದ್ರು. ಹತ್ತು ನಿಮಿಷದ ಕೆಲಸ."

"ಮತ್ತೆ ಮೂವತ್ತೊಂದು ವರ್ಷ ಯಾಕೆ ಬಾಯಿ ಬಿಡಲಿಲ್ಲ ನೀನು?"

"ಮರುದಿನ ಹೇಳೋಣ ಅಂತಾನೇ ಬಂದೆ. ಅಷ್ಟರಲ್ಲಿ ನಿನ್ನ ಗಂಡ ಅಂಗಡಿ ಬಾಗಿಲಲ್ಲಿ ನಿಂತು ಎಲ್ಲರಿಗೂ ಹೇಳ್ತಾ ಇದ್ರು. ಆ ಮುಖ ನೋಡಿ ನನಗೆ ನಾಲಿಗೆ ಏಳಲಿಲ್ಲ." ಹಾಗೇ ಸೇರಿಸಿದಳು: "ಆಮೇಲೆ ಅವರು ಹೋದ್ರು. ಆಗ ಹೇಳಿದ್ರೆ ನಿನ್ನ ಹತ್ತಿರ ಇನ್ನೇನು ಉಳೀತಿತ್ತು?"

ಕತೆಯಲ್ಲಿ ದೀಪದ ವಿಷಯ ಬಿಟ್ಟರೆ ನೆನಪಿಸುತ್ತಿದ್ದವಳು ಇವಳೇ! ತನ್ನ ಕೈಯ ಕತೆಯನ್ನು ನನ್ನ ಬಾಯಿಂದ ಕೇಳುತ್ತ, ನಾನು ಎಡವಿದಲ್ಲಿ ಎತ್ತಿ ನಿಲ್ಲಿಸುತ್ತ ಕೂತಿದ್ದಳು.

"ಒಂದೇ ಒಂದು ಸಲ ನೋಡಬೇಕು ಅಂತ ಇತ್ತು, ಅಷ್ಟೇ," ಎಂದಳು ಎಡಚಕ್ಕ. ಹಾಗೆಂದವಳೇ ಕುರ್ಚಿಯನ್ನು ಪರದೆಯ ಕಡೆಯಿಂದ ನನ್ನ ಕಡೆಗೆ ತಿರುಗಿಸಿಕೊಂಡಳು. "ಹೋಗ್ಲಿ ಬಿಡು. ನೀನು ಎರಡು ಸಲ ನೋಡಿದ್ದೀಯಲ್ಲ. ಹೇಳು, ನನ್ನ ಕೈ ಹೇಗೆ ಕಾಣ್ತಿತ್ತು?"

ಹೇಳಿದೆ. ಈ ಕತೆಯನ್ನು ಸಾವಿರ ಸಲ ಹೇಳಿದ್ದೇನೆ, ಆದರೆ ನೋಡಿ ಹೇಳಿದ್ದು ಅದೇ ಮೊದಲು. ಐದು ನಿಮಿಷವಲ್ಲ, ಹನ್ನೊಂದು ಎಣಿಸುವಷ್ಟು ಹೊತ್ತು. ಬೂದು ಬಣ್ಣದ ಉಣ್ಣೆಯ ಕೋಟು. ಕೆಳಗಿನಿಂದ ಎರಡನೆಯ ಗುಂಡಿ. ಸೂಜಿ ನಾಲ್ಕು ಸಲ ಒಳಗೆ ಹೊರಗೆ ಹೋಗುತ್ತದೆ. ಆಮೇಲೆ ಗುಂಡಿಯ ಬುಡಕ್ಕೆ ದಾರ ಮೂರು ಸುತ್ತು. ಸುತ್ತುವಾಗ ಕಿರುಬೆರಳು ಸ್ವಲ್ಪ ಎದ್ದು ನಿಲ್ಲುತ್ತದೆ. ಮಣಿಕಟ್ಟಿನ ಕಲೆಯ ಮೇಲೆ ಕಿಟಕಿಯ ಬೆಳಕು ಬಿದ್ದು, ಅದು ಕಲೆಯ ಹಾಗಲ್ಲ, ಯಾರೋ ಬೇಕೆಂದೇ ಹಾಕಿದ ಗುರುತಿನ ಹಾಗೆ ಕಾಣುತ್ತದೆ. ದಾರವನ್ನು ಕತ್ತರಿಸುವುದು ತೋರಿಸುವುದಿಲ್ಲ. ಅಷ್ಟರಲ್ಲಿ ರೈಲು ಬಂದುಬಿಡುತ್ತದೆ.

ಎಡಚಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅವಳ ಎಡಗೈ ಮಡಿಲಲ್ಲಿ ತಾನಾಗಿ ಮೂರು ಸುತ್ತು ಸುತ್ತಿತು. ಕಿರುಬೆರಳು ಎದ್ದಿತು.

ಹೇಳುವ ಭರದಲ್ಲಿ ನನ್ನ ಬಲಗೈ ಅಭ್ಯಾಸಬಲದಿಂದ ಸೂಜಿ ಹಿಡಿದಂತೆ ಗಾಳಿಯಲ್ಲಿ ಆಡುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ಅವಳು ಇನ್ನೂ ಕಾಣುವ ಆ ಒಂದು ಕಣ್ಣು ತೆರೆದು ಕಂಡಳು. ಮೆಲ್ಲನೆ ನನ್ನ ಬಲಗೈ ಹಿಡಿದು ಮಡಿಲಿಗಿಳಿಸಿ, ನನ್ನ ಎಡಗೈಯನ್ನು ಎತ್ತಿ ನಿಲ್ಲಿಸಿದಳು.

"ಇನ್ನು ಮೇಲೆ ಈ ಕೈಯಲ್ಲಿ ಹೇಳು," ಎಂದಳು. "ಮತ್ತೆ ವಾಪಸ್ ಇಡೋಕೆ ಹೋಗಬೇಡ."